ಸೋಮವಾರದ ತಲೆನೋವು

ಅವ್ವನಿಗೆ ತಲೆನೋವು ಬರುವ ದಿನಗಳು ಮನೆಯ ಮಕ್ಕಳಿಗೆಲ್ಲ ಮೊದಲೇ ಗೊತ್ತಿದ್ದವು. ಸೋಮವಾರ ಇಳಿಹೊತ್ತಿಗೆ, ಅಮಾವಾಸ್ಯೆಯಂದು ಎಡೆ ಹಿಡಿದು ಎಲ್ಲರ ಊಟ ಮುಗಿಯುವ ಹೊತ್ತಿಗೆ, ಶ್ರಾವಣದಲ್ಲಂತೂ ವಾರ ವಾರ ತಪ್ಪದೆ. ಗೊತ್ತಿದ್ದರೂ ಅದು ಆ ದಿನಗಳಲ್ಲೇ ಯಾಕೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ‘ಅವ್ವಗ ಅರ್ಧತಲಿ ನೋವು ಬಂದೈತಿ, ಗದ್ದಲ ಮಾಡಬ್ಯಾಡ್ರಿ’ ಎಂದು ದೊಡ್ಡವ್ವ ನಮ್ಮನ್ನು ಅಂಗಳಕ್ಕೆ ಅಟ್ಟುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ನಾವಿದ್ದದ್ದು ಬ್ಯಾಡಗಿಯಲ್ಲಿ. ಆಗ ಅದಿನ್ನೂ ಧಾರವಾಡ ಜಿಲ್ಲೆಗೆ ಸೇರಿದ ಊರು. ಅಪ್ಪ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪೇಟೆ. ಸಂಕ್ರಮಣ ಕಳೆದ ಮೇಲೆ ಬೇಸಿಗೆಯವರೆಗೆ ಊರಿಗೆ ಊರೇ ಚೀಲ ಹೊರುವುದು, ತೂಕ ಹಾಕುವುದು, ಧಾರಣೆ ಕೇಳುವುದರಲ್ಲಿ ಮುಳುಗಿರುತ್ತಿತ್ತು. ಅವ್ವನ ತವರಿನ ಕಡೆಯ ರೈತರು ರಾತ್ರಿಯೆಲ್ಲ ಗಾಡಿಯಲ್ಲಿ ಕೂತು ಬಂದು ಬೆಳಗಿನ ಜಾವ ನಮ್ಮ ಮನೆಯ ಬಾಗಿಲು ತಟ್ಟುತ್ತಿದ್ದರು. ಅವರಿಗೆ ಸ್ನಾನಕ್ಕೆ ನೀರು ಕಾಯಬೇಕು, ರೊಟ್ಟಿ ಆಗಬೇಕು, ಪಲ್ಲೆ ಆಗಬೇಕು. ಅವ್ವ ಕೋಳಿ ಕೂಗುವ ಮೊದಲೇ ಎದ್ದು ತಲೆ ಎರೆದುಕೊಂಡು, ಹಸಿಗೂದಲನ್ನೇ ತುರುಬು ಕಟ್ಟಿ, ಕಟ್ಟಿಗೆ ಒಲೆಯ ಮುಂದೆ ಕೂರುತ್ತಿದ್ದಳು. ಸೋಮವಾರ ಅವಳಿಗೆ ಒಪ್ಪತ್ತು. ದೀಪ ಹಚ್ಚಿದ ಮೇಲೆಯೇ ಉಣ್ಣುವುದು. ಅಲ್ಲಿಯವರೆಗೆ ಚಹಾ ಮಾತ್ರ, ಅದೂ ಬಂದವರಿಗೆ ಮಾಡಿದ್ದರಲ್ಲಿ ಉಳಿದರೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅವಳ ಎಡಗಣ್ಣಿನ ಮೇಲೆ ಶುರುವಾಗುತ್ತಿತ್ತು. ಮೊದಲು ಆಕಳಿಕೆ, ಮಾತು ಕಡಿಮೆ. ಆಮೇಲೆ ಕಣತಲೆಯಲ್ಲಿ ನಾಡಿ ಬಡಿದಂತೆ ಬಡಿತ. ಒಗ್ಗರಣೆಯ ವಾಸನೆ ಬಂದರೆ ವಾಂತಿ. ಕಿಟಕಿಯ ಬೆಳಕು ಬೇಡ, ಪಾತ್ರೆಯ ಸಪ್ಪಳ ಬೇಡ. ಸೆರಗನ್ನು ಹಗ್ಗದ ಹಾಗೆ ಹೊಸೆದು ಹಣೆಗೆ ಬಿಗಿದುಕೊಂಡು ಒಳಕೋಣೆಯ ನೆಲದ ಮೇಲೆ ಮಲಗಿಬಿಡುತ್ತಿದ್ದಳು. ರಾತ್ರಿ ಒಮ್ಮೆ ಚೆನ್ನಾಗಿ ನಿದ್ದೆ ಹತ್ತಿದರೆ ಬೆಳಗ್ಗೆ ಇಳಿದಿರುತ್ತಿತ್ತು. ಮರುದಿನವೆಲ್ಲ ಮುಖ ಬಾಡಿರುತ್ತಿತ್ತು.

ಇದು ಮೈಗ್ರೇನ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅದೇ ನೋವು ನನ್ನ ತಲೆಗೂ ಬಂದ ಮೇಲೆ. ಅದು ಮನೆತನದಲ್ಲಿ ಇಳಿದು ಬರುವ ಕಾಯಿಲೆ. ಮೈಗ್ರೇನ್ ಇರುವವರ ಮೆದುಳು ಏರುಪೇರನ್ನು ಸಹಿಸುವುದಿಲ್ಲ. ನಿದ್ದೆ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಊಟದ ಹೊತ್ತು ತಪ್ಪುವುದು, ಬಿಸಿಲು, ಘಾಟು, ಹೊಗೆ, ಮುಟ್ಟಿನ ದಿನಗಳಲ್ಲಿ ದೇಹದ ಈಸ್ಟ್ರೋಜನ್ ಇಳಿಯುವುದು, ಇವುಗಳಲ್ಲಿ ಒಂದೇ ಬಂದರೆ ಹೇಗೋ ತಡೆದುಕೊಳ್ಳುತ್ತದೆ. ಎರಡು ಮೂರು ಒಟ್ಟಿಗೆ ಬಂದರೆ ತಡೆಯಲಾರದು. ಅವ್ವನ ಸೋಮವಾರವನ್ನು ಈಗ ನೆನೆದರೆ ನನಗೆ ಎದೆ ಚುರುಕ್ಕೆನ್ನುತ್ತದೆ. ಅರೆನಿದ್ದೆ, ಹಸಿಗೂದಲು, ಹೊಗೆ, ಹಸಿವು, ಒಂದನ್ನೂ ಬಿಡದೆ ಎಲ್ಲವೂ ಆ ಒಂದೇ ದಿನದಲ್ಲಿದ್ದವು.

ಘಾಟಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ದೊಡ್ಡವ್ವ ಸುಗ್ಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಬಾಯಿಗೆ ಹಾಕಿಕೊಂಡರೆ ಗುಂಟೂರಿನ ಕಾಯಿಯಷ್ಟು ಸುಡುವುದಿಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ ಸಿಕ್ಕಾಗ ಊರೆಲ್ಲ ಹೆಮ್ಮೆಪಟ್ಟಿತು, ನಾನೂ ಪಟ್ಟೆ. ಆದರೆ ಮುಚ್ಚಿದ ಗೋದಾಮಿನಲ್ಲಿ ದಿನವಿಡೀ ರಾಶಿಯ ಮುಂದೆ ಕೂತು ತುಂಬು ಮುರಿಯುವವರಿಗೆ ಅದರ ಧೂಳೇ ಸಾಕು. ಸೀನು, ಕಣ್ಣೀರು, ಸಂಜೆಗೆ ಹಣೆಯಲ್ಲಿ ಭಾರ. ಮೆಣಸಿನಕಾಯಿಯ ಉರಿಯನ್ನು ಮುಖ ಮೂಗುಗಳಿಂದ ಮೆದುಳಿಗೆ ಒಯ್ಯುವ ಟ್ರೈಜೆಮಿನಲ್ ನರವೇ ಮೈಗ್ರೇನಿನ ನೋವನ್ನೂ ಒಯ್ಯುತ್ತದೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ದೊಡ್ಡವ್ವನ ಕೆಂಪಾದ ಕಣ್ಣುಗಳು. ಖಾರದ ಅಂಶವಾದ ಕ್ಯಾಪ್ಸೈಸಿನ್ ನರದ ಯಾವ ಗ್ರಾಹಕಕ್ಕೆ ತಾಗಿ ಉರಿ ಹುಟ್ಟಿಸುತ್ತದೆ ಎಂಬುದನ್ನು ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ ಪ್ರಕಟಿಸಿದ್ದು 1997ರಲ್ಲಿ, ನಮ್ಮೂರನ್ನು ಸೇರಿಸಿಕೊಂಡು ಹಾವೇರಿ ಜಿಲ್ಲೆಯಾದ ವರ್ಷವೇ. 2021ರಲ್ಲಿ ಅವರಿಗೆ ನೊಬೆಲ್ ಬಂತು. ಅಂಥ ಒಂದು ಸುದ್ದಿ ಬ್ಯಾಡಗಿಯ ಶಾಲೆಗಳಲ್ಲಿ ಪಾಠವಾಗಬೇಕು ಎಂದು ನನ್ನ ಆಸೆ. ಧೂಳಿನಲ್ಲಿ ಕೂರುವ ಹೆಂಗಸರಿಗೆ ಮೂಗಿಗೆ ಒಳ್ಳೆಯ ಮುಸುಕು, ಗೋದಾಮಿಗೆ ಗಾಳಿಕಿಂಡಿ, ಹೊತ್ತಿಗೆ ಸರಿಯಾಗಿ ಊಟದ ಬಿಡುವು ಸಿಗಬೇಕು ಎಂಬುದು ಅದಕ್ಕಿಂತ ದೊಡ್ಡ ಆಸೆ.

ಮನೆಯಲ್ಲಿ ಔಷಧವೆಂದರೆ ಅಡುಗೆಮನೆಯದೇ. ಒಣಶುಂಠಿಯನ್ನು ಸಾಣೆಕಲ್ಲಿನ ಮೇಲೆ ತೇದು ಹಣೆಗೆ ಹಚ್ಚುತ್ತಿದ್ದರು. ಕೆಲವು ಸಲ ಬಜೆ. ಹಚ್ಚಿದ ಜಾಗ ಚುರುಚುರು ಉರಿದು, ಒಳಗಿನ ನೋವಿನ ಮೇಲಿನ ಗಮನ ಸ್ವಲ್ಪ ಹೊರಗೆ ಬರುತ್ತಿತ್ತು. ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದರು. ಕೊತ್ತಂಬರಿ ಜೀರಿಗೆ ಕಷಾಯ ಕುಡಿಸುತ್ತಿದ್ದರು. ಹಾವೇರಿಯ ಸಂತೆಗೆ ಹೋದವರು ಏಲಕ್ಕಿ ತಂದರೆ ಅದರ ಸಿಪ್ಪೆಯೂ ಚಹಾಕ್ಕೆ ಬೀಳುತ್ತಿತ್ತು. ಇವುಗಳಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತಿತ್ತು? ನನ್ನ ಅನುಭವದಲ್ಲಿ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಕತ್ತಲೆಯ ಕೋಣೆ ಮತ್ತು ನಿದ್ದೆ, ಈ ಮೂರಕ್ಕೆ ಸಮನಾದದ್ದು ಬೇರೆ ಇಲ್ಲ. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರೂ ಹಿತ. ಶುಂಠಿಯ ಬಗ್ಗೆ 2014ರಲ್ಲಿ ಇರಾನಿನ ವೈದ್ಯರು ನೂರು ರೋಗಿಗಳ ಮೇಲೆ ಮಾಡಿದ ಅಧ್ಯಯನವೊಂದು ಬಂತು. ನೋವು ಶುರುವಾದಾಗಲೇ ಶುಂಠಿಯ ಪುಡಿ ತೆಗೆದುಕೊಂಡವರಿಗೆ ಎರಡು ಗಂಟೆಯಲ್ಲಿ ಸಿಕ್ಕ ಉಪಶಮನ, ಸುಮಾಟ್ರಿಪ್ಟಾನ್ ಎಂಬ ಮಾತ್ರೆ ನುಂಗಿದವರಿಗೆ ಸಿಕ್ಕಿದಷ್ಟೇ ಇತ್ತಂತೆ. ದಿನಾ ಶುಂಠಿ ತಿಂದರೆ ನೋವು ಬರುವುದೇ ತಪ್ಪುತ್ತದೆ ಎಂಬುದು ಮಾತ್ರ ಆಮೇಲಿನ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ವಾಕರಿಕೆಗೆ ಶುಂಠಿ ಒಳ್ಳೆಯದು ಎಂಬುದನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ಬಿಸಿಲಿಗೆ ತಲೆ ನೋಯುವವರಿಗೆ ಪುದೀನಾ ಸತ್ತ್ವವಿರುವ ಮುಲಾಮು ಹಚ್ಚುವ ರೂಢಿ ನಮ್ಮಲ್ಲಿ ಹಳೆಯದು. 1893ರಲ್ಲಿ ನಾಗೇಶ್ವರರಾವ್ ಪಂತುಲು ಅವರು ಮುಂಬಯಿಯಲ್ಲಿ ಶುರು ಮಾಡಿದ ಅಮೃತಾಂಜನದ ಹಳದಿ ಡಬ್ಬಿ ಇರದ ಮನೆ ನಮ್ಮ ಓಣಿಯಲ್ಲಿ ಇರಲಿಲ್ಲ. ಕತ್ತು ಹಣೆ ಬಿಗಿದು ಬರುವ ಸಾದಾ ತಲೆನೋವಿಗೆ ಅದು ಹಿತವಾದರೂ ಮೈಗ್ರೇನ್ ಹತ್ತಿದ ಅವ್ವನಿಗೆ ಅದರ ವಾಸನೆಯೇ ಆಗುತ್ತಿರಲಿಲ್ಲ. ಎರಡು ನೋವುಗಳೂ ಬೇರೆ ಬೇರೆ ಎಂದು ಮೊದಲು ತಿಳಿದದ್ದು ನನಗೆ ಅದರಿಂದಲೇ.

ಎಲ್ಲ ಮನೆಮದ್ದೂ ನಿರಪಾಯವಲ್ಲ. ನೋವು ಎರಡನೆಯ ದಿನಕ್ಕೂ ಮುಂದುವರಿದರೆ ದೊಡ್ಡವ್ವ ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಹಿಡಿದು ಅವ್ವನಿಗೆ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಅವಳು ಮಾಡಿದ್ದು ಪ್ರೀತಿಯಿಂದ. ಅವ್ವನ ಹತ್ತಿರ ಯಾರಾದರೂ ಕೂತು, ತಲೆ ಸವರಿ, ‘ಆರಾಮ ಆಕ್ಕೈತಿ ತಂಗಿ’ ಎನ್ನುತ್ತಿದ್ದ ಹೊತ್ತು ಅದೊಂದೇ. ಆದರೆ ಆ ಹೊಗೆ ನೋಯುವ ತಲೆಗೆ ಶತ್ರು. ಇನ್ನೂ ಕಠೋರವಾದದ್ದು ಚುಟಿಗೆ. ಕಾಯಿಸಿದ ಸೂಜಿಯಿಂದ ಕಣತಲೆಯ ಮೇಲೆ ಸುಡುವುದು. ನಮ್ಮ ಓಣಿಯ ಹಿರಿಯ ಹೆಣ್ಣುಮಕ್ಕಳ ಹಣೆಯ ಅಂಚಿನಲ್ಲಿ ಆ ಕಲೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚುಟಿಗೆಯಿಂದ ಮೈಗ್ರೇನ್ ಹೋಗುವುದಿಲ್ಲ, ಹುಣ್ಣಾಗುತ್ತದೆ, ಕೀವಾಗುತ್ತದೆ. ಮೂಗಿಗೆ ಸೊಪ್ಪಿನ ರಸ ಹಿಂಡುವುದೂ ಬೇಡ. ಔಷಧವಿಲ್ಲದ ದಾರಿ ಎಂದು ಹೇಳುವಾಗ ಇಂಥವನ್ನು ಅದರೊಳಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ.

ಕಾಲ ಸರಿದಂತೆ ಶುಂಠಿಯ ಜಾಗಕ್ಕೆ ಗುಳಿಗೆ ಬಂತು. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತಿದ್ದವು. ಸೋಮವಾರ ಒಂದು ಎಂದು ಶುರುವಾದದ್ದು, ನೋವು ಬರಬಹುದು ಎಂಬ ಹೆದರಿಕೆಗೇ ಬೆಳಗ್ಗೆ ಒಂದು, ಸಂಜೆ ಒಂದು ಎಂದಾಯಿತು. ಕೆಲವು ವರ್ಷಗಳಲ್ಲಿ ಅವ್ವನ ತಲೆನೋವಿಗೆ ಸೋಮವಾರ ಮಂಗಳವಾರವೆಂಬ ಭೇದ ಉಳಿಯಲಿಲ್ಲ. ದಿನಾ ಬೆಳಗ್ಗೆ ಏಳುವಾಗಲೇ ಮಂದವಾದ ನೋವು.

ಕೊನೆಗೆ ಅಪ್ಪ ಅವಳನ್ನು ಹಾವೇರಿಗೆ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ಆ ವೈದ್ಯರು ನಾಡಿ, ಬಿಪಿ, ಕಣ್ಣು ಎಲ್ಲ ನೋಡಿದರು. ಆಮೇಲೆ ಅವ್ವ ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದ ಗುಳಿಗೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಬಹಳ ಹೊತ್ತು ಮಾತಾಡಿದರು. ನೋವು ಕಳೆಯಲು ನುಂಗುವ ಗುಳಿಗೆ ಅತಿಯಾದರೆ ಅದೇ ನೋವು ಹುಟ್ಟಿಸುತ್ತದೆ ಎಂದು ನಾನು ಮೊದಲು ಕೇಳಿದ್ದು ಅಂದು. ಇಂದು ವೈದ್ಯರು ಹಾಕಿಕೊಂಡಿರುವ ಗೆರೆ ಹೀಗಿದೆ: ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಎರಡು ಮೂರು ಔಷಧ ಕೂಡಿಸಿದ ಮಾತ್ರೆಯನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳು ಮೀರಿ ತೆಗೆದುಕೊಂಡರೆ ಈ ಅಪಾಯ. ಬಿಟ್ಟ ಮೊದಲ ಕೆಲವು ದಿನ ನೋವು ಇನ್ನೂ ಜೋರಾಗುತ್ತದೆ. ಅದನ್ನು ದಾಟಿದರೆ ಇಳಿಯುತ್ತದೆ. ಹಾಗಾಗಿ ವೈದ್ಯರ ಕಣ್ಣೆದುರೇ ಬಿಡಬೇಕು.

ಆಮೇಲೆ ಅವರು ಅವ್ವನ ದಿನಚರಿ ಕೇಳಿದರು. ಎಷ್ಟಕ್ಕೆ ಏಳುತ್ತೀರಿ, ಏನು ತಿನ್ನುತ್ತೀರಿ, ಯಾವಾಗ ತಿನ್ನುತ್ತೀರಿ. ಅವ್ವ ಹೇಳುತ್ತಾ ಹೋದಳು. ಎಲ್ಲ ಕೇಳಿ ಅವರು ಅಪ್ಪನ ಕಡೆ ತಿರುಗಿದರು. ‘ಯಜಮಾನ್ರ, ಇನ್ನ ಮ್ಯಾಲೆ ಮನ್ಯಾಗ ಇವರು ಮೊದಲು ಉಣ್ಲಿ. ಇವರು ಉಂಡ ಮ್ಯಾಲೆ ನೀವು ಉಣ್ರಿ. ನಾ ಬರದ ಕೊಡೂ ಔಷಧಕ್ಕಿಂತ ಅದು ದೊಡ್ಡದು.’ ಅಪ್ಪ ಏನೂ ಮಾತಾಡಲಿಲ್ಲ. ಮೋಟೆಬೆನ್ನೂರು ದಾಟಿ ಬಸ್ಸು ಊರಿನ ಕಡೆ ಹೊರಳುವವರೆಗೂ ಮಾತಾಡಲಿಲ್ಲ.

ಆದರೆ ಮಾಡಿದ. ಹೇಗೆಂದರೆ, ಮರು ಸೋಮವಾರ ಬೆಳಗ್ಗೆ ತಾನೇ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ತಂದು ಒಲೆಯ ಪಕ್ಕ ಇಟ್ಟ. ಅವ್ವ ಒಲ್ಲೆನೆಂದಳು, ಒಪ್ಪತ್ತು ಕೆಡುತ್ತದೆ ಎಂದಳು. ಆಗ ದೊಡ್ಡವ್ವ ಬಂದು, ‘ಹಾಲು ಹಣ್ಣಿಗೆ ಯಾವ ಒಪ್ಪತ್ತೂ ಕೆಡೂದಿಲ್ಲವಾ, ಸುಮ್ಮನ ತಗೋ’ ಎಂದಳು. ಮನೆಯ ಹಿರಿಯಳೇ ಹೇಳಿದ ಮೇಲೆ ಮರುಮಾತಿಲ್ಲ. ಪೇಟೆಯ ದಿನ ಬಂದವರಿಗೆ ರೊಟ್ಟಿ ಬಡಿಯಲು ಓಣಿಯ ಒಬ್ಬಳನ್ನು ಕೂಲಿ ಕೊಟ್ಟು ಕರೆಯುವುದಾಯಿತು. ಮಧ್ಯಾಹ್ನ ಊಟವಾದ ಮೇಲೆ ಅರ್ಧ ತಾಸು ಅವ್ವನನ್ನು ಯಾರೂ ಕರೆಯಬಾರದು ಎಂಬ ಕಟ್ಟಳೆ ಬಂತು. ಅದನ್ನು ಮುರಿಯುತ್ತಿದ್ದವರು ಮಕ್ಕಳಾದ ನಾವೇ, ಬೈಸಿಕೊಳ್ಳುತ್ತಿದ್ದವರೂ ನಾವೇ.

ತಲೆನೋವು ಪೂರ್ತಿ ಹೋಗಲಿಲ್ಲ. ಅಪರೂಪವಾಯಿತು. ಬಂದರೂ ಮೊದಲಿನ ಜೋರು ಇರಲಿಲ್ಲ. ಐವತ್ತು ದಾಟಿ ಮುಟ್ಟು ನಿಂತ ಮೇಲೆ ಇನ್ನೂ ಕಡಿಮೆಯಾಯಿತು. ಅದು ಬಹಳ ಹೆಂಗಸರಲ್ಲಿ ಹಾಗೆಯೇ.

ನನ್ನ ಪಾಲಿನದು ಕಾಲೇಜಿನ ದಿನಗಳಲ್ಲಿ ಶುರುವಾಯಿತು. ಬೆಳಗಿನ ಬಸ್ಸಿಗೆ ರಾಣೆಬೆನ್ನೂರಿಗೆ ಹೋಗುತ್ತಿದ್ದೆ. ಬಸ್ಸು ತಪ್ಪುತ್ತದೆಂದು ತಿನ್ನದೆ ಓಡುವುದು, ಬಿಸಿಲು ಬೀಳುವ ಕಡೆಯ ಕಿಟಕಿ, ಮಧ್ಯಾಹ್ನ ಮೂರಕ್ಕೆ ಡಬ್ಬಿ ಬಿಚ್ಚುವುದು. ಅವ್ವ ಈಗ ಆ ಕಾಯಿಲೆಯ ಪಂಡಿತೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ನನ್ನ ತಲೆನೋವಿನ ದಿನಕ್ಕೆ ಒಂದು ಗೀಟು ಎಳೆಯುವುದನ್ನು ಶುರು ಮಾಡಿದವಳು ಅವಳೇ. ಅಕ್ಷರ ಹೆಚ್ಚು ಕಲಿತವಳಲ್ಲ, ಬರಿಯ ಗೀಟು. ಮುಟ್ಟಿನ ದಿನಕ್ಕೆ ಸೊನ್ನೆ. ಕೆಲವು ತಿಂಗಳು ಕಳೆದ ಮೇಲೆ ಅದನ್ನು ನೋಡಿದರೆ ಯಾರಿಗೂ ಕಾಣುತ್ತಿತ್ತು: ಸೊನ್ನೆಯ ಹಿಂದಿನ ದಿನ ಒಂದು ಗೀಟು, ಪರೀಕ್ಷೆ ಮುಗಿದ ಮರುದಿನ ಒಂದು ಗೀಟು, ರವಿವಾರ ಹೊತ್ತೇರುವವರೆಗೆ ಮಲಗಿದಾಗ ಒಂದು ಗೀಟು. ಔಷಧವಿಲ್ಲದ ಉಪಾಯಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದನ್ನು ನಾನು ಕಂಡಿಲ್ಲ. ನಾನು ಏಳುವ ಹೊತ್ತು ರವಿವಾರವೂ ಬದಲಾಗುವುದಿಲ್ಲ. ಬೆಳಗ್ಗೆ ಏನಾದರೂ ತಿನ್ನದೆ ಹೊಸ್ತಿಲು ದಾಟುವುದಿಲ್ಲ. ಚಹಾ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚಿಲ್ಲ. ನೋವು ಶುರುವಾಗುವಾಗ ಒಂದು ಕಪ್ ಚಹಾ ಕೆಲವರಿಗೆ ಸಹಾಯ ಮಾಡುತ್ತದೆ. ಆದರೆ ದಿನವಿಡೀ ಕುಡಿದು ಅಭ್ಯಾಸವಾದವರಿಗೆ ಒಂದು ಹೊತ್ತು ತಪ್ಪಿದರೂ ಅದರಿಂದಲೇ ತಲೆ ನೋಯುತ್ತದೆ. ಚಹಾದಂಗಡಿಗಳ ಊರಿನವರು ಇದನ್ನು ಗಮನಿಸಬೇಕು.

ತಲೆ ಎರೆದುಕೊಳ್ಳುವ ವಿಷಯ ನಮ್ಮ ದೇಶದ ಹೆಂಗಸರದೇ. ಮುಂಬಯಿಯ ತಲೆನೋವಿನ ತಜ್ಞ ಡಾ. ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಬರುವ 94 ರೋಗಿಗಳ ಬಗ್ಗೆ 2006ರಲ್ಲಿ ಬರೆದರು. ಪಾಶ್ಚಾತ್ಯ ವೈದ್ಯರ ಪಟ್ಟಿಗಳಲ್ಲಿ ಆವರೆಗೆ ಇದಕ್ಕೆ ಜಾಗವಿರಲಿಲ್ಲ. ಉದ್ದ ಕೂದಲು, ವಾರಕ್ಕೊಮ್ಮೆ ನೆತ್ತಿಯ ಮೇಲೆ ಬಿಂದಿಗೆಗಟ್ಟಲೆ ನೀರು, ಒಣಗದೆ ಗಂಟು ಕಟ್ಟುವುದು, ಇದು ನಮ್ಮ ಅವ್ವಂದಿರ ಬಾಳು. ಅವ್ವ ತಾನು ಕಂಡುಕೊಂಡದ್ದು ಇಷ್ಟು: ಹೊಟ್ಟೆಗೆ ಏನಾದರೂ ಹಾಕಿಕೊಂಡು ಎರೆದುಕೊಳ್ಳುವುದು, ಬಿಸಿ ಅತಿಯಾಗದ ನೀರು, ಬಿಸಿಲೇರಿದ ಮೇಲೆ ಸ್ನಾನ, ಕೂದಲು ಪೂರ್ತಿ ಆರಿದ ಮೇಲೆಯೇ ತುರುಬು. ಹಬ್ಬದ ಅಡುಗೆ ಇರುವ ದಿನ ಬೇಡ; ಹಿಂದಿನ ದಿನವೇ ಮುಗಿಸುವುದು. ಕೊನೆಯದಕ್ಕೆ ಸಂಬಂಧಿಕರಿಂದ ಮಾತು ಕೇಳಬೇಕಾಯಿತು. ಕೇಳಿದಳು.

ಶಾಲೆಯ ಕೆಲಸಕ್ಕೆ ಸೇರಿದ ಮೇಲೆ ನನಗೆ ಇನ್ನೊಂದು ಬಗೆಯ ತಲೆನೋವಿನ ಪರಿಚಯವಾಯಿತು. ತಲೆ ಬಗ್ಗಿಸಿ ಉತ್ತರಪತ್ರಿಕೆ ತಿದ್ದಿ ತಿದ್ದಿ, ಸಂಜೆಗೆ ಹೆಗಲಿನಿಂದ ಹಿಂದಲೆಯವರೆಗೆ ಬಿಗಿತ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹತ್ತಿ ಹೂವಿನ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳೂ ಇದೇ ನೋವನ್ನು ಹೇಳುತ್ತಿದ್ದರು. ಬಿಸಿಲಿನಲ್ಲಿ ಬಗ್ಗಿ ಒಂದೊಂದೇ ಮೊಗ್ಗು ಬಿಡಿಸುವ ಕೆಲಸ. ಇದಕ್ಕೆ ಬಿಸಿನೀರಿನ ಶಾಖ, ಕತ್ತು ಹೆಗಲುಗಳನ್ನು ನಿಧಾನಕ್ಕೆ ತಿರುಗಿಸುವುದು, ತಾಸಿಗೊಮ್ಮೆ ಎದ್ದು ನಿಲ್ಲುವುದು, ಯಾರಾದರೂ ಹೆಗಲು ಒತ್ತಿದರೆ ಅದು, ಇವು ಚೆನ್ನಾಗಿ ನಾಟುತ್ತವೆ. ಮತ್ತೆ ಮೈಗ್ರೇನಿನ ಮಾತಿಗೆ ಬಂದರೆ, ಅದಕ್ಕೆ ಯೋಗ ನೆರವಾಗುತ್ತದೆಯೇ ಎಂದು ದಿಲ್ಲಿಯ ಏಮ್ಸ್ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬರಿಯ ಔಷಧ ತೆಗೆದುಕೊಂಡವರಿಗಿಂತ ಔಷಧದ ಜೊತೆ ಯೋಗವನ್ನೂ ಮಾಡಿದವರಲ್ಲಿ ನೋವಿನ ಸರದಿ ಹೆಚ್ಚು ಇಳಿದಿತ್ತು, ನುಂಗಬೇಕಾದ ಗುಳಿಗೆಗಳೂ ಕಡಿಮೆಯಾಗಿದ್ದವು. ಔಷಧದ ಜೊತೆ ಎಂಬ ಮಾತನ್ನು ಮರೆಯಬಾರದು. ನೋವು ವಾರ ವಾರ ಬಂದು ಬಾಳು ಕೆಡಿಸುತ್ತಿದ್ದರೆ, ಅದು ಬರದಂತೆ ತಡೆಯುವ ಒಳ್ಳೆಯ ಔಷಧಗಳು ಈಗ ಇವೆ. ಅವನ್ನು ಬೇಡವೆನ್ನುವುದು ಹಟ.

ಬೆಂಗಳೂರಿನ ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದಾಗ, ನಾಲ್ವರಲ್ಲಿ ಒಬ್ಬರಿಗೆ ಆ ಒಂದು ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. 2015ರಲ್ಲಿ ಈ ಲೆಕ್ಕ ಅಚ್ಚಾಯಿತು. ಇದನ್ನು ಓದಿದ ದಿನ ನನಗೆ ಕಂಡದ್ದು ಬರಿಯ ಅಂಕಿಯಲ್ಲ, ಒಲೆಯ ಮುಂದೆ ಕೂತ ಎಷ್ಟೋ ಅವ್ವಂದಿರು.

ಓದುವವರಲ್ಲಿ ನನ್ನ ಬೇಡಿಕೆ ಎರಡು. ಒಮ್ಮೆಲೇ ಸಿಡಿಲು ಬಡಿದಂತೆ ಬಂದ ತಲೆನೋವು, ಜ್ವರದ ಜೊತೆ ಕತ್ತು ಸೆಟೆದುಕೊಂಡದ್ದು, ಕೈಕಾಲು ಸೋತದ್ದು, ಮಾತು ತೊದಲಿದ್ದು, ದೃಷ್ಟಿ ಮಂಜಾದದ್ದು, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದದ್ದು, ಬಸುರಿಯಲ್ಲಿ ಹೊಸದಾಗಿ ಕಂಡದ್ದು, ಐವತ್ತರ ಮೇಲೆ ಮೊದಲ ಸಲ ಶುರುವಾದದ್ದು, ಇವಕ್ಕೆ ಶುಂಠಿಯೂ ಬೇಡ, ಕತ್ತಲೆಕೋಣೆಯೂ ಬೇಡ. ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ನುಳಿದ, ಹಳೆಯ, ಸರದಿಯಂತೆ ಬರುವ ತಲೆನೋವು ನಿಮ್ಮ ಮನೆಯ ಹೆಂಗಸೊಬ್ಬಳಿಗೆ ಇದ್ದರೆ, ಗುಳಿಗೆ ತರಲು ಅಂಗಡಿಗೆ ಹೋಗುವ ಮೊದಲು ಅವಳು ಇವತ್ತು ಏನು ತಿಂದಿದ್ದಾಳೆ, ಎಷ್ಟು ಹೊತ್ತು ಮಲಗಿದ್ದಾಳೆ ಎಂದು ಕೇಳಿ. ಬರುವ ಹಬ್ಬಕ್ಕೆ ಅವಳ ಊಟ ಮೊದಲು ಆಗಲಿ.